ಕಾಗೆ ಬೆದರಿಸುವ ಬಿಲ್ಲೆಯಿಂದ ಸರ್ಕಾರಿ ಗಣಕಯಂತ್ರ ಎಬ್ಬಿಸಿದ ಪ್ರಕರಣ

ಜಲಮೂಲ ಎಣಿಕೆ ಇಲಾಖೆ
ಜಿಲ್ಲಾ ಕಚೇರಿ, ಚಿತ್ರದುರ್ಗ

ಸಂಖ್ಯೆ: ಜ.ಎ.ಇ/ಗಣಕ/ಬಿಲ್ಲೆ/೧೭/೨೦೦೩-೦೪
ದಿನಾಂಕ: ೧೬-೦೬-೨೦೦೩

ಸುತ್ತೋಲೆ

ವಿಷಯ: ಹೊಸದುರ್ಗ ಉಪ ಕಚೇರಿಯ ಕೆಟ್ಟುಹೋದ ಗಣಕಯಂತ್ರದಲ್ಲಿ ಅನುಮತಿಯಿಲ್ಲದೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆಯನ್ನು ನಡೆಸಿ, ಬಾಕಿಯಿದ್ದ ಕೆಲಸವನ್ನು ಮುಗಿಸಿಯೇಬಿಟ್ಟಿರುವ ಬಗ್ಗೆ.

ಉಲ್ಲೇಖ:
೧. ಕೈಬರಹದ ಪಟ್ಟಿಗಳನ್ನು ನಿಷೇಧಿಸಿದ ಈ ಕಚೇರಿಯ ಸುತ್ತೋಲೆ, ದಿನಾಂಕ ೦೨-೦೪-೨೦೦೧.
೨. ಹೊಸದುರ್ಗ ಉಪ ಕಚೇರಿಯ ಐದು ಪತ್ರಗಳು, ಮೇ ೫ರಿಂದ ಮೇ ೯ರವರೆಗೆ ದಿನಕ್ಕೊಂದರಂತೆ (ಐದಕ್ಕೂ ಉತ್ತರಿಸಿರುವುದಿಲ್ಲ).
೩. ವಿಚಾರಣೆಯಲ್ಲಿ ದಾಖಲಿಸಿಕೊಂಡ ನಾಲ್ಕು ಹೇಳಿಕೆಗಳು.

ಕೆಲಸ ನಿಂತರೆ ಏನು ಮಾಡಬೇಕೆಂಬುದಕ್ಕೆ ಈ ಇಲಾಖೆಯಲ್ಲಿ ಸ್ಪಷ್ಟವಾದ ಕ್ರಮವಿದೆ. ನಿಂತ ಕೆಲಸವನ್ನು ಕೆಳಗಿನ ನೌಕರರೇ ನಡೆಸಿಬಿಟ್ಟರೆ ಏನು ಮಾಡಬೇಕೆಂಬ ಪ್ರಶ್ನೆ ಇದುವರೆಗೆ ಹುಟ್ಟಿರಲಿಲ್ಲ. ಕಳೆದ ಮೇ ತಿಂಗಳಲ್ಲಿ ಹುಟ್ಟಿರುವುದರಿಂದ, ಆರೂ ತಾಲ್ಲೂಕುಗಳ ಸಿಬ್ಬಂದಿಯ ತಿಳಿವಳಿಕೆಗಾಗಿ ಪ್ರಕರಣದ ವಿವರವನ್ನೂ, ಅದರಿಂದ ಒದಗಿದ ನಿಷೇಧಗಳನ್ನೂ ಈ ಕೆಳಗಿನಂತೆ ಹೊರಡಿಸಲಾಗಿದೆ.

೧. ಹೊಸದುರ್ಗ ಉಪ ಕಚೇರಿಗೆ ಮಂಜೂರಾದ ಹುದ್ದೆಗಳು ಏಳು. ಭರ್ತಿಯಾಗಿರುವವು ಎರಡು: ದ್ವಿತೀಯ ದರ್ಜೆ ಸಹಾಯಕಿ ಶ್ರೀಮತಿ ಹೇಮಾವತಿ ಮತ್ತು ಜವಾನ ಶ್ರೀ ಚಿತ್ತಯ್ಯ. ಉಳಿದ ಐದು ಖಾಲಿ ಹುದ್ದೆಗಳ ನಡತೆಯ ಬಗ್ಗೆ ಇಂದಿನವರೆಗೆ ಒಂದು ದೂರೂ ಬಂದಿಲ್ಲ ಎಂಬುದನ್ನು ಮೆಚ್ಚುಗೆಯಿಂದ ದಾಖಲಿಸಲಾಗಿದೆ. ದೂರು ಬಂದಿರುವುದು ಭರ್ತಿಯಾದ ಹುದ್ದೆಗಳ ಮೇಲೆಯೇ.

೨. ಶ್ರೀಮತಿ ಹೇಮಾವತಿಯವರು ೧೯೮೬ರಲ್ಲಿ ಕನ್ನಡ ಬೆರಳಚ್ಚುಗಾರ್ತಿಯಾಗಿ ಸೇವೆಗೆ ಸೇರಿದವರು. ೧೯೯೯ರಲ್ಲಿ ಅವರ ಬೆರಳಚ್ಚು ಯಂತ್ರವನ್ನು ಹಿಂಪಡೆದು ಗಣಕಯಂತ್ರವೊಂದನ್ನು ಒದಗಿಸಲಾಯಿತು. ತರಬೇತಿಯನ್ನು ಒದಗಿಸಲಾಗಲಿಲ್ಲ. ಆದಾಗ್ಯೂ ಅವರು ಅದನ್ನು ಕಲಿತರು. ಅವರ ಈ ಸ್ವಭಾವವನ್ನು ಇಲಾಖೆ ಅಂದೇ ಗಮನಿಸಿ ತಿದ್ದಬೇಕಾಗಿತ್ತು.

ಅವರ ಮುಖ್ಯ ಕೆಲಸವೆಂದರೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಟ್ಯಾಂಕರ್ ಪಟ್ಟಿ ತಯಾರಿಸುವುದು. ತಾಲ್ಲೂಕಿನ ಹದಿನೇಳು ಹಟ್ಟಿಗಳಲ್ಲಿ ಯಾವ ಕೊಳವೆಬಾವಿ ಬತ್ತಿದೆ, ಎಷ್ಟು ಮನೆಗಳಿವೆ, ದಿನಕ್ಕೆ ಎಷ್ಟು ಸಲ ನೀರಿನ ಟ್ಯಾಂಕರ್ ಹೋಗಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಮುದ್ರಿತ ಪಟ್ಟಿಗೆ ಜಿಲ್ಲಾ ಕಚೇರಿಯಲ್ಲಿ ಸಹಿಯಾದರೆ ಟ್ಯಾಂಕರ್ ಹೊರಡುತ್ತದೆ. ಪಟ್ಟಿಯ ಆಯಸ್ಸು ಹದಿನೈದು ದಿನ. ಹೊಸ ಪಟ್ಟಿ ಬಾರದಿದ್ದರೆ ಹದಿನಾರನೆಯ ದಿನ ಆ ಹಟ್ಟಿಗಳಲ್ಲಿ ಬಾಯಾರಿಕೆ ಇಲ್ಲವೆಂದು ಭಾವಿಸಲಾಗುವುದು.

೩. ಮೇ ೫ರ ಸೋಮವಾರ ಬೆಳಿಗ್ಗೆ ಸದರಿ ಯಂತ್ರವು ಏಳಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ತೋರಿಸಿ ಸುಮ್ಮನಾಯಿತು. ನಿರ್ವಹಣೆಯ ಗುತ್ತಿಗೆ ಪಡೆದವರ ಕಡೆಯಿಂದ ಬುಧವಾರ ಒಬ್ಬರು ಬಂದು ನೋಡಿದರು. ಅಲ್ಲಿ ನಡೆದ ಮಾತನ್ನು ಜವಾನ ಚಿತ್ತಯ್ಯನವರ ಹೇಳಿಕೆಯಿಂದ ಯಥಾವತ್ತಾಗಿ ನಕಲು ಮಾಡಲಾಗಿದೆ:

"ಆ ಮನುಷ್ಯ, 'ಫಾರ್ಮ್ಯಾಟ್ ಹೊಡೀಬೇಕು ಮೇಡಂ, ಒಳಗಿರೋದೆಲ್ಲ ಹೋಗ್ತೈತೆ' ಅಂದ. ಅಮ್ಮಾರು, 'ಮೂರು ವರ್ಷದ ಪಟ್ಟಿ ಐತಪ್ಪ ಅದರಾಗೆ, ಒಂದೊಂದು ಹಟ್ಟಿಗೂ ಹೋಗಿ ಬರ್ಕಂಡು ಬಂದದ್ದು' ಅಂದ್ರು. 'ಹೊಸದಾಗಿ ಹೊಡ್ಕಳ್ರಿ, ನಿಮಗೆ ಬೇರೆ ಏನ್ ಕೆಲ್ಸ ಐತೆ' ಅಂದ ಅವನು. ಅಮ್ಮಾರು ಯಂತ್ರದ ಮುಂದೆ ಬಂದು ನಿಂತ್ರು. ಆಮ್ಯಾಕೆ, 'ಅದನ್ನ ಮುಟ್ಟಬ್ಯಾಡ್ರಿ. ಮೇಲೆ ಏಳ್ರಿ' ಅಂದ್ರು. ಸಿಟ್ಟಿಲ್ದಂಗೆ ಅಂದ್ರು. ನನಗೆ ಅದಕ್ಕೇ ಹೆದರಿಕೆ ಆತು."

ಅಳಿಸಲು ಬಿಡದಿದ್ದರೆ ಯಂತ್ರವನ್ನು ಚಿತ್ರದುರ್ಗಕ್ಕೆ ಒಯ್ಯಬೇಕು, ಮೂರು ವಾರ ಬೇಕು ಎಂದು ಹೇಳಿ ಸದರಿ ವ್ಯಕ್ತಿಯು ಚಹಾ ಕುಡಿದು ನಿರ್ಗಮಿಸಿದರು. ಆದ್ದರಿಂದ, ಯಂತ್ರದೊಳಗಿನ ಮಾಹಿತಿಯನ್ನು ಅಳಿಸಲು ಬಂದವರನ್ನು ತಡೆಯುವ ಸಿಬ್ಬಂದಿಯು ಮಾಹಿತಿಯ ಮೇಲೆ ವೈಯಕ್ತಿಕ ಮಮತೆ ಹೊಂದಿದ್ದಾರೆಂದು ಪರಿಗಣಿಸತಕ್ಕದ್ದು. ಸರ್ಕಾರಿ ಮಾಹಿತಿಯ ಮೇಲೆ ಮಮತೆ ಇಡುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

೪. ಅಂದೇ ಹೇಮಾವತಿಯವರು ನೆನಪಿನಿಂದಲೂ ಹಳೆಯ ಚೀಟಿಗಳಿಂದಲೂ ಪಟ್ಟಿಯನ್ನು ಕೈಯಲ್ಲಿ ಬರೆದು ಕಳುಹಿಸಿದರು. ಉಲ್ಲೇಖ (೧)ರ ಪ್ರಕಾರ ಅದನ್ನು "ಅಕ್ಷರ ದುಂಡಗಿದ್ದರೂ ಅಂಗೀಕಾರಾರ್ಹವಲ್ಲ" ಎಂಬ ಷರಾದೊಂದಿಗೆ ತಲುಪಿದ ದಿನವೇ ಹಿಂದಿರುಗಿಸಲಾಯಿತು. ಆ ವಾರ ಈ ಕಚೇರಿಯು ಇಷ್ಟು ಶೀಘ್ರವಾಗಿ ವಿಲೇವಾರಿ ಮಾಡಿದ ಕಡತ ಇನ್ನೊಂದಿಲ್ಲ. ಹಳೆಯ ಪಟ್ಟಿಯ ಅವಧಿ ಬುಧವಾರಕ್ಕೆ ಮುಗಿದಿದ್ದರಿಂದ, ಮೇ ೮ರ ಗುರುವಾರ ಹದಿನೇಳು ಹಟ್ಟಿಗಳಿಗೂ ಟ್ಯಾಂಕರ್ ನಿಂತಿತು.

೫. ಅಂದು ಸೀಗೆಗುಡ್ಡದಹಟ್ಟಿಯ ಶ್ರೀಮತಿ ಚಂದ್ರಕ್ಕ ಎಂಬುವರು ಶ್ರೀರಾಂಪುರದ ಮೇಲೆ ಬರುವ ಮೊದಲ ಬಸ್ಸಿನಲ್ಲಿ ಬಂದಿಳಿದು, ಖಾಲಿ ಪ್ಲಾಸ್ಟಿಕ್ ಕೊಡವೊಂದನ್ನು ಕಾಲ ಬಳಿ ಇಟ್ಟುಕೊಂಡು ಕಚೇರಿಯ ಬೆಂಚಿನ ಮೇಲೆ ಕುಳಿತರು. ಗಲಾಟೆ ಮಾಡಲಿಲ್ಲ. ಗಲಾಟೆ ಮಾಡಿದ್ದರೆ ಅದಕ್ಕೆ ಕ್ರಮವಿತ್ತು. ಸಂಜೆ ಐದೂವರೆಗೆ ಎದ್ದು ಹೋದರು. ಮರುದಿನ ಮತ್ತೆ ಬಂದರು. ಯಂತ್ರ ಕೆಟ್ಟಿದೆ ಎಂದು ಹೇಳಿದಾಗ ಅವರು ಕೇಳಿದ್ದು ಹೀಗಿದೆ:

"ಯಂತ್ರ ಕೆಟ್ರೆ ಬಾಯಾರಿಕೆನೂ ಕೆಡತೈತಾ ಅಮ್ಮಾರೆ? ನಮ್ಮ ಹಟ್ಟೀಲಿ ಇಬ್ಬರು ಬಾಣಂತೇರು ಅವರೆ. ಎರಡು ಮೈಲಿ ನಡೆದು ತೋಟದ ಬಾವೀಗೆ ಹೋಗ್ತೀವಿ. ಆ ನೀರಿಗೆ ಹಸಗೂಸು ವಾಂತಿ ಮಾಡ್ಕಂತಾವೆ."

ಶ್ರೀಮತಿ ಹೇಮಾವತಿಯವರು ಕಚೇರಿಯ ಮಡಕೆಯಲ್ಲಿದ್ದ ಕುಡಿಯುವ ನೀರನ್ನು, ಅಂದಾಜು ಹನ್ನೆರಡು ಲೀಟರಿನಷ್ಟನ್ನು, ಆ ಕೊಡಕ್ಕೆ ಬಗ್ಗಿಸಿದರು. ಜವಾನರೂ ಸಹಾಯಕಿಯೂ ಸಂಜೆಯವರೆಗೆ ನೀರಿಲ್ಲದೆ ಕರ್ತವ್ಯ ನಿರ್ವಹಿಸಿದರು. ಸಿಬ್ಬಂದಿಗೆ ಮಂಜೂರಾದ ನೀರನ್ನು ಸಾರ್ವಜನಿಕರು ಕುಡಿಯುವುದು ಈ ಇಲಾಖೆಯ ಉದ್ದೇಶಕ್ಕೆ ಹೊರತಾದುದೆಂದು ಎಲ್ಲರಿಗೂ ನೆನಪಿಸಲಾಗಿದೆ.

೬. ಇನ್ನು ಪ್ರಕರಣದ ಎರಡನೆಯ ಆಪಾದಿತರು. ಶ್ರೀ ದಿಲಾವರ್ ಎಂಬುವರು ಹೊಸದುರ್ಗ ಬಸ್ ನಿಲ್ದಾಣದ ಹಿಂದೆ ಮೂವತ್ತು ವರ್ಷಗಳಿಂದ ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದಾರೆ. ಅವರ ಪಕ್ಕದಲ್ಲಿ ಮಂಡಕ್ಕಿ ಅಂಗಡಿಯಿದ್ದು, ಅಲ್ಲಿಗೆ ಬರುವ ಕಾಗೆಗಳನ್ನು ಬೆದರಿಸಲು ದಿಲಾವರ್ ಅವರು ತಮ್ಮ ಬಾಗಿಲಿಗೆ ಹೊಳೆಯುವ ಸಿಡಿ ಬಿಲ್ಲೆಯೊಂದನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟಿದ್ದರು. ಸದರಿ ಬಿಲ್ಲೆಯು ಇಂಗ್ಲಿಷ್ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದದ್ದು. ಪತ್ರಿಕೆ ರದ್ದಿ ಕಾಗದದ ಜೊತೆ ಚಿತ್ರದುರ್ಗದಿಂದ ಬಂದದ್ದು. ಆ ಪತ್ರಿಕೆಯನ್ನು ಅವರು ಬೆಸುಗೆ ಕಡ್ಡಿಯ ಕೆಳಗೆ ಹಾಸಿಕೊಂಡಿದ್ದರು.

ಶುಕ್ರವಾರ ಸಂಜೆ ಮನೆಗೆ ಹೋಗುವಾಗ ಹೇಮಾವತಿಯವರು ಅಂಗಡಿಗೆ ಹೋಗಿ ಯಂತ್ರದ ವಿಚಾರ ಹೇಳಿದರು. ಮುಂದಿನದು ದಿಲಾವರ್ ಅವರ ಹೇಳಿಕೆಯಿಂದ:

"ನಾನಂದೆ, 'ಅಕ್ಕೋರೆ, ನಾನು ರೇಡಿಯೋ ರಿಪೇರಿಯೋನು. ಅದರ ಒಳಗಿನ ಸಾಮಾನು ತಿಳೀತೈತೆ, ಅದರ ಬುದ್ಧಿ ನನಗೆ ತಿಳಿಯಾಕಿಲ್ಲ.' ಅವರು ನನ್ನ ಬೆಸುಗೆ ಕಡ್ಡಿ ಕೆಳಗಿದ್ದ ಪುಸ್ತಕ ಎತ್ಕಂಡು ನಿಂತಲ್ಲೇ ಓದಿದ್ರು. ನಾಕು ಪುಟ ಓದಿದ್ರು. 'ದಿಲಾವರ್ ಭಾಯ್, ಈ ಬಿಲ್ಲೆ ಹಾಕಿದ್ರೆ ಯಂತ್ರ ಬಿಲ್ಲೆಯಿಂದಲೇ ಏಳತೈತಂತೆ. ಒಳಗಿನ ಡಿಸ್ಕನ್ನ ಮುಟ್ಟಂಗಿಲ್ಲ, ಬರೇ ಓದತೈತಂತೆ. ಎಲ್ಲೈತೆ ಬಿಲ್ಲೆ?' ಅಂದ್ರು. ನಾನು ಬಾಗ್ಲ ಕಡೆ ಕೈ ತೋರಿಸ್ದೆ. 'ಬುದ್ಧಿ ನಾನು ಓದಿ ಹೇಳ್ತೀನಿ, ಸಾಮಾನು ನೀವು ನೋಡ್ರಿ' ಅಂದ್ರು."

ಹೀಗೆ ಮೇ ೧೦ರ ಎರಡನೆಯ ಶನಿವಾರ, ಸಾರ್ವತ್ರಿಕ ರಜಾದಿನದಂದು, ಕಚೇರಿಯ ಬೀಗ ತೆಗೆಯಲಾಯಿತು. ಕೆಲಸದ ದಿನಗಳಲ್ಲಿ ಕಚೇರಿ ಮುಚ್ಚಿರುವುದಕ್ಕೆ ಹಲವಾರು ಪೂರ್ವನಿದರ್ಶನಗಳಿವೆ. ರಜಾದಿನ ತೆರೆದಿರುವುದಕ್ಕೆ ಒಂದೂ ಇಲ್ಲ.

೭. ಬಿಲ್ಲೆಯು ಎಂಟು ತಿಂಗಳು ಗಾಳಿ ಬಿಸಿಲಿಗೆ ತೂಗಾಡಿ ಗೀರುಬಿದ್ದಿತ್ತು. ಯಂತ್ರವು ಅದನ್ನು ಸ್ವಲ್ಪ ದೂರ ಓದಿ, ಗರಗರ ಸದ್ದು ಮಾಡಿ, ನಿಲ್ಲಿಸಿತು. ಸೋಪಿನ ನೀರಿನಲ್ಲಿ ತೊಳೆದರು. ಇನ್ನೂ ಸ್ವಲ್ಪ ದೂರ ಓದಿತು. ಆಗ ದಿಲಾವರ್ ಅವರು ಚಿತ್ತಯ್ಯನವರಿಂದ ಹಲ್ಲುಜ್ಜುವ ಪೇಸ್ಟ್ ತರಿಸಿ, ಹಳೆಯ ಪಂಚೆಯ ತುಂಡಿನಿಂದ ಬಿಲ್ಲೆಯನ್ನು ನಡುವಿನಿಂದ ಅಂಚಿಗೆ ನಿಧಾನವಾಗಿ ಮುಕ್ಕಾಲು ಗಂಟೆ ಉಜ್ಜಿದರು. ಬಿಲ್ಲೆ ಓದತೊಡಗಿತು. ಇದು ಹೇಗೆ ಸಾಧ್ಯವೆಂದು ಗುತ್ತಿಗೆದಾರರನ್ನು ಲಿಖಿತವಾಗಿ ಕೇಳಲಾಗಿ, ಸಾಧ್ಯವಿಲ್ಲವೆಂದು ಉತ್ತರಿಸಿದ್ದಾರೆ. ಗುತ್ತಿಗೆದಾರರು ಅಧಿಕೃತರಾದ್ದರಿಂದ ಅವರ ಉತ್ತರವನ್ನು ಅಂಗೀಕರಿಸಲಾಗಿದೆ, ಬಿಲ್ಲೆಯು ಓದಿರುವುದಿಲ್ಲ. ಇನ್ನು ಮುಂದೆ ಸರ್ಕಾರಿ ಆವರಣದಲ್ಲಿ ಮನುಷ್ಯರ ಹೊರತು ಬೇರೆ ಯಾವುದಕ್ಕೂ ಹಲ್ಲುಜ್ಜಿಸತಕ್ಕದ್ದಲ್ಲ.

೮. ಸದರಿ ಯಂತ್ರದೊಳಗೆ ಗಡಿಯಾರಕ್ಕೆಂದು ಗುಂಡನೆಯ ಸಣ್ಣ ಬ್ಯಾಟರಿಯಿದ್ದು, ಅದು ಸತ್ತು ಎರಡು ವರ್ಷವಾಗಿತ್ತು. ಆದ್ದರಿಂದ ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರವು ಇಂದು ಯಾವ ದಿನವೆಂಬುದನ್ನೂ, ಮೊದಲು ಬಿಲ್ಲೆಯನ್ನು ನೋಡಬೇಕೆಂಬುದನ್ನೂ ಮರೆಯುತ್ತಿತ್ತು. ಪ್ರತಿ ಸಲವೂ ಆರಂಭದ ಸೆಟ್ಟಿಂಗುಗಳಿರುವ ನೀಲಿ ಪರದೆಗೆ ಹೋಗಿ ಮೊದಲಿನಿಂದ ಹೇಳಿಕೊಡಬೇಕಾಗಿತ್ತು. ಶನಿವಾರ ಒಂದೇ ದಿನ ಕರೆಂಟು ಒಂಬತ್ತು ಸಲ ಹೋಯಿತು. ಹೇಮಾವತಿಯವರು ಒಂಬತ್ತು ಸಲವೂ ಹೇಳಿಕೊಟ್ಟರು. ಹತ್ತನೆಯ ಸಲಕ್ಕೆ ಪತ್ರಿಕೆಯನ್ನು ನೋಡದೆಯೇ ಕೀಲಿ ಒತ್ತುತ್ತಿದ್ದರೆಂದು ಚಿತ್ತಯ್ಯನವರು ಹೇಳಿದ್ದಾರೆ. ಬ್ಯಾಟರಿ ಕೋರಿ ಅವರು ಸಲ್ಲಿಸಿದ್ದ ಬೇಡಿಕೆಯು ಈ ಕಚೇರಿಯಲ್ಲಿ ೨೦೦೧ರಿಂದ ಸುರಕ್ಷಿತವಾಗಿದೆ.

೯. ಭಾನುವಾರ ಇನ್ನೊಂದು ಅಡ್ಡಿ ಎದುರಾಯಿತು. ಹೊಸ ವ್ಯವಸ್ಥೆಗೆ ಯಂತ್ರದಲ್ಲಿದ್ದ ಮೆಮೊರಿ ಸಾಲಲಿಲ್ಲ. ಅರ್ಧ ಎದ್ದು ಕುಸಿಯುತ್ತಿತ್ತು. ದಿಲಾವರ್ ಅವರು ತಮ್ಮ ಅಂಗಡಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಹಳೆಯ ಯಂತ್ರದಿಂದ ಮೆಮೊರಿ ಪಟ್ಟಿಯೊಂದನ್ನು ಕಿತ್ತು ತಂದರು. ಅದರ ಹಲ್ಲುಗಳು ಮಂಕಾಗಿದ್ದವು. ಪೆನ್ಸಿಲ್ ಅಳಿಸುವ ಸರ್ಕಾರಿ ರಬ್ಬರಿನಿಂದ ಅವನ್ನು ತಿಕ್ಕಿ ಹೊಳಪು ಬರಿಸಿ, ಯಂತ್ರದೊಳಗೆ ಒತ್ತಿ ಕೂರಿಸಿದರು. ಹೀಗೆ ಸರ್ಕಾರಿ ಯಂತ್ರದೊಳಗೆ ಖಾಸಗಿ ನೆನಪು ಸೇರಿಕೊಂಡಿತು.

ಇದು ಗಂಭೀರವಾದ ವಿಷಯ. ಇಲಾಖೆಗೆ ಎಷ್ಟು ನೆನಪಿರಬೇಕೆಂಬುದನ್ನು ಇಲಾಖೆಯೇ ತೀರ್ಮಾನಿಸತಕ್ಕದ್ದು. ಹೊರಗಿನವರು ತಂದು ಸೇರಿಸಿದ ನೆನಪಿನಿಂದ ಕಚೇರಿಗೆ ಹಳೆಯದೇನಾದರೂ ಜ್ಞಾಪಕಕ್ಕೆ ಬಂದಲ್ಲಿ ಅದರ ಹೊಣೆಯನ್ನು ಸಂಬಂಧಪಟ್ಟ ಸಿಬ್ಬಂದಿಯೇ ಹೊರತಕ್ಕದ್ದು.

೧೦. ಸೋಮವಾರ ಯಂತ್ರವು ಪೂರ್ತಿ ಎದ್ದಿತು. ಆದರೆ ಪರದೆ ಕಪ್ಪಾಗಿಯೇ ಇತ್ತು. ಒಳಗೆ ಡಿಸ್ಕ್ ತಿರುಗುವ ಸದ್ದು ಕೇಳುತ್ತಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಹಳೆಯ ಪರದೆಗಳಿಗೆ ಆರಂಭದಲ್ಲಿ ಒಂದು ಸಾಲನ್ನು ಕೈಯಿಂದ ಬೆರಳಚ್ಚು ಮಾಡಬೇಕೆಂದು ಪತ್ರಿಕೆಯಲ್ಲಿತ್ತು. ಆ ಸಾಲಿನ ಕೊನೆಯ ಮೂರಂಕಿಯಿದ್ದ ಜಾಗವನ್ನು ಬೆಸುಗೆ ಕಡ್ಡಿಯು ಸುಟ್ಟು ತೂತು ಮಾಡಿತ್ತು.

ದಿಲಾವರ್: "ನನ್ನ ಕೈಯಾರೆ ಸುಟ್ಟಿದ್ದು ಅಕ್ಕೋರೆ. ಗೊತ್ತಿದ್ರೆ ಬೇರೆ ಪುಟ ಹಾಸ್ಕಂತಿದ್ದೆ."

ಹೇಮಾವತಿ: "ಇರ್ಲಿ ಬಿಡ್ರಿ. ಮೊದಲ್ನೆ ಅಂಕಿ ಏಳು ಅಂತ ಕಾಣತೈತೆ. ಏಳುನೂರರಿಂದ ಒಂದೊಂದೇ ಹೊಡೀತಾ ಹೋಗಾಣ."

ಒಂದೊಂದಾಗಿ ಹೊಡೆಯುತ್ತಾ ಹೋದರು. ಪ್ರತಿ ಸಂಖ್ಯೆಗೂ ಯಂತ್ರವನ್ನು ಆರಿಸಿ, ಮತ್ತೆ ಎಬ್ಬಿಸಿ, ಕಾಯಬೇಕಾಗಿತ್ತು. ಬೆಂಚಿನ ಮೇಲೆ ಕುಳಿತ ಚಂದ್ರಕ್ಕನವರು ಪ್ರತಿ ಸಲವೂ "ಬಂತಾ?" ಎಂದು ಕೇಳಿದರು. ಮಧ್ಯಾಹ್ನ ಮೂರೂವರೆಗೆ ಪರದೆಯ ಮೇಲೆ ಬಿಳಿ ಹೊಟ್ಟೆ, ಹಳದಿ ಕಾಲಿನ, ಕುಳಿತ ಭಂಗಿಯ ಪಕ್ಷಿಯೊಂದು ಕಾಣಿಸಿಕೊಂಡಿತು. ಅದರ ಕೆಳಗೆ ಬಿಳಿಯ ಸಾಲುಗಳು ಸರಸರ ಇಳಿದವು.

ಅದು ಲಿನಕ್ಸ್‌ನ ಗುರುತಾದ ಪೆಂಗ್ವಿನ್ ಎಂದು ಪತ್ರಿಕೆಯಲ್ಲಿದೆಯಾದರೂ, ಸದರಿ ಪಕ್ಷಿಯು ಈ ಜಿಲ್ಲೆಯದಲ್ಲ. ಮಾರಿಕಣಿವೆಯ ನೀರಿನ ಮೇಲಾಗಲಿ, ಜೋಗಿಮಟ್ಟಿಯ ಕಾಡಿನಲ್ಲಾಗಲಿ ಅದನ್ನು ಕಂಡವರಿಲ್ಲ. ಇನ್ನು ಮುಂದೆ ಕಚೇರಿಯ ಪರದೆಯ ಮೇಲೆ ಪಕ್ಷಿ ಕಂಡಲ್ಲಿ ಅದರ ಬಣ್ಣ, ಗಾತ್ರ ಮತ್ತು ಕುಳಿತ ದಿಕ್ಕನ್ನು ಮೂರು ಪ್ರತಿಗಳಲ್ಲಿ ವರದಿ ಮಾಡಿ, ಉತ್ತರ ಬರುವವರೆಗೆ ಮುಂದುವರಿಯದಂತೆ ಅದಕ್ಕೆ ಸೂಚಿಸತಕ್ಕದ್ದು.

೧೧. ಒಳಗೆ ಪ್ರವೇಶಿಸಿದ ನಂತರ ಹೇಮಾವತಿಯವರು ಆ ವ್ಯವಸ್ಥೆಯಲ್ಲಿ 'ರೂಟ್' ಆದರೆಂದು ತಿಳಿದುಬಂದಿದೆ. ರೂಟ್ ಎಂದರೆ ಯಂತ್ರದ ಸರ್ವಾಧಿಕಾರಿ. ಅವರಿಗೆ ಇಲ್ಲವೆನ್ನುವವರು ಒಳಗೆ ಯಾರೂ ಇರುವುದಿಲ್ಲ. ದ್ವಿತೀಯ ದರ್ಜೆ ಸಹಾಯಕಿಯೊಬ್ಬರು ಸೇವಾ ಜ್ಯೇಷ್ಠತೆಯನ್ನು ಮೀರಿ, ಬಡ್ತಿ ಸಮಿತಿಯ ಶಿಫಾರಸ್ಸಿಲ್ಲದೆ, ಎರಡು ದಿನಗಳ ಕಾಲ ಸರ್ವಾಧಿಕಾರಿಯಾಗಿ ಕಾರ್ಯನಿರ್ವಹಿಸಿದ್ದಾರೆ. ಆ ಅಧಿಕಾರವನ್ನು ಅವರು ಯಾವುದಕ್ಕೆ ಬಳಸಿದರೆಂದು ಕೇಳಲಾಗಿ, ಹದಿನೇಳು ಹಟ್ಟಿಗಳ ಪಟ್ಟಿಯನ್ನು ತೆರೆಯಲು ಎಂದಿದ್ದಾರೆ. ಅಧಿಕಾರದ ಇಂಥ ಬಳಕೆ ಈ ಕಚೇರಿಯಲ್ಲಿ ಹಿಂದೆಂದೂ ಕಂಡುಬಂದಿರುವುದಿಲ್ಲ.

೧೨. ಮಂಗಳವಾರ ಪಟ್ಟಿ ತೆರೆಯಿತು. ಆದರೆ ಅದರಲ್ಲಿ ಒಂದು ಕನ್ನಡ ಅಕ್ಷರವೂ ಇರಲಿಲ್ಲ. ಸೀಗೆಗುಡ್ಡದಹಟ್ಟಿ ಎಂದು ಇರಬೇಕಾದಲ್ಲಿ ತಲೆಯ ಮೇಲೆ ಚುಕ್ಕೆ ಹೊತ್ತ ಯಾವುದೋ ಪರದೇಶದ ಅಕ್ಷರಗಳೂ ಚಿಹ್ನೆಗಳೂ ಸಾಲುಗಟ್ಟಿದ್ದವು. ಚಿತ್ತಯ್ಯನವರ ಹೇಳಿಕೆ:

"ಅಮ್ಮಾರು ಕೈ ಎರಡೂ ಕೀಲಿಮಣೆ ಮ್ಯಾಲೆ ಇಟ್ಟು ಕುಂತ್ರು. ಕಣ್ಣಾಗೆ ನೀರು ಬಂತು, ಒರೆಸ್ಕಳ್ಳಲಿಲ್ಲ. ದಿಲಾವರ್ ಸಾಬ್ರು, 'ಹೋತೇನಕ್ಕಾ ಎಲ್ಲ?' ಅಂದ್ರು. ಚಂದ್ರಕ್ಕ ಬೆಂಚಿಂದ ಎದ್ದು ಬಂದ್ಲು. ಅವಳಿಗೆ ಓದಾಕೆ ಬರಲ್ಲ. ಪರದೆ ನೋಡಿ, 'ಇಷ್ಟೊಂದು ಬರ್ದೈತಲ್ಲ, ಇನ್ನೇನಾಗಬೇಕು?' ಅಂದ್ಲು. ಅಮ್ಮಾರು ತಿರುಗಿ ಅವಳ ಮುಖ ನೋಡಿದ್ರು. ಆಮ್ಯಾಕೆ ಮತ್ತೆ ಪರದೆ ನೋಡಿದ್ರು. 'ಹೌದು ಕಣಕ್ಕ, ಬರ್ದೈತೆ. ಅಕ್ಷರ ಹೋಗಿಲ್ಲ ಭಾಯ್. ಅಚ್ಚಿನ ಮೊಳೆ ಬದಲಾಗೈತೆ ಅಷ್ಟೆ' ಅಂದ್ರು."

ಬೆರಳಚ್ಚು ಯಂತ್ರದ ಮುಂದೆ ಹದಿಮೂರು ವರ್ಷ ಕುಳಿತವರಿಗೆ, ಕೀಲಿ ಒಂದೇ ಆದರೂ ಮೊಳೆ ಬೇರೆಯಾದರೆ ಬೇರೆ ಅಕ್ಷರ ಬೀಳುತ್ತದೆಂಬುದು ತಿಳಿದಿತ್ತು. ಹಳೆಯ ಡಿಸ್ಕಿನೊಳಗೆ ಕನ್ನಡದ ಮೊಳೆ, ಅಂದರೆ ಫಾಂಟ್, ಇದ್ದೇ ಇತ್ತು. ಮೌಸ್ ಅಂದು ಅಲುಗಾಡದಿದ್ದುದರಿಂದ ಕೀಲಿಗಳಿಂದಲೇ ಹುಡುಕಿ, ಅದನ್ನು ಎತ್ತಿ ತಂದು, ಹೊಸ ವ್ಯವಸ್ಥೆ ಹುಡುಕುವ ಜಾಗದಲ್ಲಿಟ್ಟರು. ಪಟ್ಟಿಯನ್ನು ಮತ್ತೆ ತೆರೆದಾಗ ಹದಿನೇಳು ಹಟ್ಟಿಗಳೂ ಕನ್ನಡದಲ್ಲಿದ್ದವು. ಹೇಮಾವತಿಯವರು ಒಂದೊಂದು ಹೆಸರನ್ನೂ ಜೋರಾಗಿ ಓದಿದರು. ಓದಲು ಆದೇಶವಿರಲಿಲ್ಲ.

ಕೀಲಿಮಣೆಯ ಮೇಲೆ ಬಿದ್ದ ಕಣ್ಣೀರಿನ ತೇವಾಂಶದಿಂದ ಯಾವ ಕೀಲಿಗೂ ಹಾನಿಯಾಗಿಲ್ಲವೆಂದು ಪರಿಶೀಲಿಸಿ ದೃಢಪಡಿಸಿಕೊಳ್ಳಲಾಗಿದೆ. ಆದ್ದರಿಂದ ಈ ಅಂಶವನ್ನು ಸಹಾನುಭೂತಿಯಿಂದ ಕೈಬಿಡಲಾಗಿದೆ.

೧೩. ಮುದ್ರಣಯಂತ್ರದ ಹೆಸರನ್ನು ಆರಿಸೆಂದು ವ್ಯವಸ್ಥೆಯು ಕೇಳಿತು. ಅದು ತೋರಿಸಿದ ನೂರಾರು ಹೆಸರುಗಳಲ್ಲಿ ಹೊಸದುರ್ಗದ ಮುದ್ರಣಯಂತ್ರದ ಹೆಸರಿರಲಿಲ್ಲ. ನೆಂಟಸ್ತಿಕೆ ಇರಬಹುದೆಂದು ಕಂಡ ಹೆಸರುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೆಲವಕ್ಕೆ ಬರಿ ಕಾಗದ ಹೊರಬಂತು, ಒಂದಕ್ಕೆ ಮೆಟ್ಟಿಲುಮೆಟ್ಟಿಲಾಗಿ ಚುಕ್ಕೆಗಳು ಬಂದವು. ಹನ್ನೊಂದನೆಯ ಹೆಸರಿಗೆ ಅಕ್ಷರ ಬಿದ್ದಿತು. ಆರು ಹಟ್ಟಿ ಮುದ್ರಣವಾಗುವಷ್ಟರಲ್ಲಿ ಕರೆಂಟು ಹೋಯಿತು. ಬಿಲ್ಲೆಯಿಂದ ಎದ್ದ ಯಂತ್ರ ಕರೆಂಟು ಹೋದರೆ ಕಲಿತದ್ದೆಲ್ಲವನ್ನೂ ಮರೆಯುವುದರಿಂದ, ನೀಲಿ ಪರದೆಯಿಂದ ಹನ್ನೊಂದನೆಯ ಹೆಸರಿನವರೆಗೆ ಎಲ್ಲವನ್ನೂ ಮತ್ತೆ ಮಾಡಿದರು. ಮೊದಲ ಸಲ ನಾಲ್ಕು ದಿನ ಹಿಡಿದದ್ದು ಎರಡನೆಯ ಸಲ ಇಪ್ಪತ್ತೈದು ನಿಮಿಷದಲ್ಲಿ ಮುಗಿಯಿತು. ಈ ವೇಗವೇ ಮುಂದಿನ ಶಿಸ್ತುಕ್ರಮಕ್ಕೆ ಆಧಾರವಾಗಿದೆ.

೧೪. ಪಟ್ಟಿಯನ್ನು ಅಂಚೆಗೆ ಹಾಕಿದರೆ ಎರಡು ದಿನ ಬೇಕಾಗಿತ್ತು. ಚಂದ್ರಕ್ಕನವರು "ಕೊಡ್ರಿ ಇಲ್ಲಿ, ನಾನೇ ಒಯ್ತೀನಿ. ಇಷ್ಟು ದಿನ ಬರೇ ಕುಂತಿದ್ದೀನಿ" ಎಂದು, ಬುಧವಾರ ಮೊದಲ ಬಸ್ಸಿಗೆ ಹೊಳಲ್ಕೆರೆಯ ಮೇಲಾಗಿ ಚಿತ್ರದುರ್ಗಕ್ಕೆ ಬಂದು, ಜೀವಮಾನದಲ್ಲಿ ಮೊದಲ ಬಾರಿಗೆ ಈ ಕಚೇರಿಯ ಮೆಟ್ಟಿಲು ಹತ್ತಿ ಪಟ್ಟಿಯನ್ನು ಸಲ್ಲಿಸಿದರು.

ಇಲ್ಲಿ ನಡೆದದ್ದನ್ನು ಮುಚ್ಚಿಡಲು ಉದ್ದೇಶಿಸಲಾಗಿತ್ತು. ಆದರೆ ಕಡತದಲ್ಲಿ ದಾಖಲಾಗಿಬಿಟ್ಟಿದೆ. ಬ್ಯಾಟರಿ ಸತ್ತ ಯಂತ್ರವು ದಿನವನ್ನು ಮರೆತಿದ್ದರಿಂದ ಪಟ್ಟಿಯ ನೆತ್ತಿಯ ಮೇಲೆ ೦೧-೦೧-೧೯೯೪ ಎಂದು ಮುದ್ರಣವಾಗಿತ್ತು. ಸ್ವೀಕೃತಿ ವಿಭಾಗದವರು ದಿನಾಂಕವನ್ನು ನೋಡಿ ಬೆಚ್ಚಿ, ಕುಡಿಯುವ ನೀರಿನ ಪಟ್ಟಿಯೊಂದು ಒಂಬತ್ತು ವರ್ಷ ನಾಲ್ಕು ತಿಂಗಳಿಂದ ತಮ್ಮಲ್ಲೇ ಬಾಕಿಯಿದೆಯೆಂದು ಭಾವಿಸಿ, 'ಅತಿ ಜರೂರು' ಮೊಹರು ಒತ್ತಿ ನನ್ನ ಮೇಜಿಗೆ ಓಡಿಬಂದರು. ನಾನೂ ಓದದೆ ಸಹಿ ಮಾಡಿದೆನು. ಸರಿಯಾದ ದಿನಾಂಕವಿದ್ದಿದ್ದರೆ ಪಟ್ಟಿಯು ಸರದಿಯ ಪ್ರಕಾರ ಮುಂದಿನ ವಾರ ಪರಿಶೀಲನೆಗೆ ಬರುತ್ತಿತ್ತು. ಅಂದೇ ಮಧ್ಯಾಹ್ನ ಟ್ಯಾಂಕರ್‌ಗಳು ಹೊರಟವು.

ಚಂದ್ರಕ್ಕನವರು ಹಟ್ಟಿಗೆ ತಲುಪುವ ಮೊದಲೇ ನೀರು ತಲುಪಿತ್ತು. ವಿಚಾರಣೆಯಲ್ಲಿ ಅವರ ಹೇಳಿಕೆ ಇಷ್ಟೇ: "ಬಾಣಂತೇರು ಮೊದ್ಲು ತುಂಬ್ಕಂಡ್ರು. ಆಮ್ಯಾಕೆ ನಾವು. ನನಗೆ ಅಂತ ಒಂದು ಕೊಡ ತುಂಬಿ ಬಾಗ್ಲಲ್ಲೇ ಇಟ್ಟಿದ್ರು." ಪಕ್ಷಿಯನ್ನು ನೋಡಿದಿರಾ ಎಂಬ ಪ್ರಶ್ನೆಗೆ: "ನೋಡ್ದೆ ಸ್ವಾಮಿ. ದಪ್ಪಗಿತ್ತು. ನೀರಿರೋ ಊರಿನ್ದು ಅನ್ನಿಸ್ತು."

೧೫. ಶ್ರೀಮತಿ ಹೇಮಾವತಿಯವರಿಗೆ ಕಾರಣ ಕೇಳಿ ನೋಟೀಸು ನೀಡಲಾಯಿತು. ಕ್ಷಮೆ ಕೋರಿದರೆ ಎಚ್ಚರಿಕೆಯೊಂದಿಗೆ ಮುಗಿಸಬಹುದೆಂದೂ, ಇಲ್ಲವಾದರೆ ಅಮಾನತಿನವರೆಗೆ ಹೋಗಬಹುದೆಂದೂ ತಿಳಿಸಲಾಯಿತು. ಅವರು ಹಾಜರಾಗಿ, ಕುಳಿತುಕೊಳ್ಳಲು ಹೇಳಿದರೂ ನಿಂತೇ ಹೀಗೆಂದರು:

"ತಪ್ಪು ಅಂದ್ರೆ ತಪ್ಪು ಅಂತ ಬರ್ಕಳ್ರಿ ಸಾರ್. ಐದು ಕಾಗದ ಬರ್ದೆ, ಒಂದಕ್ಕೂ ಉತ್ತರ ಬರಲಿಲ್ಲ. ಆ ಹೆಣ್ಣುಮಗಳು ದಿನಾ ಬಂದು ಎದುರಿಗೆ ಕುಂತ್ಕಂತಿದ್ಲು. ನನಗೆ ತಲೆ ಎತ್ತಾಕೆ ಆಗ್ತಿರಲಿಲ್ಲ. ಇನ್ನೊಂದು ಸಲ ಕೆಟ್ರೂ ಹಿಂಗೇ ಮಾಡ್ತೀನಿ ಅಂತಾನೂ ಬರ್ಕಳ್ರಿ. ದಿಲಾವರ್ ಭಾಯ್ ಹೆಸರು ಮಾತ್ರ ಬಿಡ್ರಿ. ಕರೆದೋಳು ನಾನು."

ಬರೆದುಕೊಳ್ಳಲಾಗಿದೆ. ಬರೆದುಕೊಳ್ಳುತ್ತಿದ್ದ ಗುಮಾಸ್ತರು ಕೊನೆಯ ವಾಕ್ಯಕ್ಕೆ ಲೇಖನಿ ನಿಲ್ಲಿಸಿ ಎದ್ದು ನಿಂತದ್ದೇಕೆಂದು ಅವರಿಂದಲೂ ವಿವರಣೆ ಕೇಳಲಾಗಿದೆ.

೧೬. ಮೇಲ್ಕಂಡ ಎಲ್ಲವನ್ನೂ ಪರಾಮರ್ಶಿಸಿ ಕೆಳಕಂಡಂತೆ ಆದೇಶಿಸಿದೆ:

(ಅ) ಕೆಟ್ಟ ಯಂತ್ರವು ಕೆಟ್ಟಿರುವ ಹಕ್ಕನ್ನು ಹೊಂದಿರುತ್ತದೆ. ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿಯಿಲ್ಲದೆ ಅದನ್ನು ಸರಿಪಡಿಸತಕ್ಕದ್ದಲ್ಲ. ಅನುಮತಿಗಾಗಿ ಸಲ್ಲಿಸುವ ಅರ್ಜಿಯು ಅದೇ ಯಂತ್ರದಲ್ಲಿ ಮುದ್ರಿತವಾಗಿರತಕ್ಕದ್ದು.

(ಆ) ಪುಕ್ಕಟೆ ಸಿಗುವ ವ್ಯವಸ್ಥೆಯನ್ನು ಬಳಸಲು ಟೆಂಡರ್ ಕರೆಯತಕ್ಕದ್ದು. ಅದು ಪುಕ್ಕಟೆಯಾದ್ದರಿಂದ ಯಾರೂ ಟೆಂಡರ್ ಹಾಕುವುದಿಲ್ಲ. ಯಾರೂ ಹಾಕದಿದ್ದಲ್ಲಿ ಬಳಸತಕ್ಕದ್ದಲ್ಲ.

(ಇ) ದಿಲಾವರ್ ಅವರ ಮೆಮೊರಿ ಪಟ್ಟಿಯನ್ನು ಸಾಕ್ಷ್ಯವಾಗಿ ವಶಪಡಿಸಿಕೊಳ್ಳಲಾಗಿದೆ. ಅದನ್ನು ಹೊರತೆಗೆದರೆ ಯಂತ್ರ ನಿಲ್ಲುವುದರಿಂದ, ಯಂತ್ರದೊಳಗೇ ವಶದಲ್ಲಿಡಲಾಗಿದೆ. ಬಿಲ್ಲೆಯನ್ನೂ ಅದೇ ರೀತಿ, ಯಂತ್ರದ ಬಾಯಲ್ಲಿಯೇ. ಮಂಡಕ್ಕಿ ಅಂಗಡಿಯ ಕಾಗೆಗಳಿಗೆ ಬದಲಿ ವ್ಯವಸ್ಥೆ ಮಾಡುವುದು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

(ಈ) ಶ್ರೀಮತಿ ಹೇಮಾವತಿಯವರಿಗೆ ಕಠಿಣ ಎಚ್ಚರಿಕೆ ನೀಡಲಾಗಿದೆ. ಶಿಕ್ಷೆಯಾಗಿ, ಏನೇನು ಮಾಡಬಾರದೆಂಬುದನ್ನು ಆರೂ ತಾಲ್ಲೂಕುಗಳ ಸಿಬ್ಬಂದಿ ಖಚಿತವಾಗಿ ಅರಿಯುವ ಸಲುವಾಗಿ, ಅವರು ಪ್ರತಿ ಉಪ ಕಚೇರಿಗೂ ತೆರಳಿ, ನಿಷಿದ್ಧವಾದ ಪ್ರತಿಯೊಂದು ಕೃತ್ಯವನ್ನು ಕ್ರಮವಾಗಿ, ನಿಧಾನವಾಗಿ, ಎಲ್ಲರೂ ಬರೆದುಕೊಳ್ಳುವಂತೆ, ಮುದ್ರಣದವರೆಗೂ ಮಾಡಿ ತೋರಿಸತಕ್ಕದ್ದು. ಸಾಮಾನಿನ ಭಾಗವನ್ನು ವಿವರಿಸಲು ಎರಡನೆಯ ಆಪಾದಿತರೂ, ಸಾಕ್ಷ್ಯವಾಗಿ ಬಿಲ್ಲೆಯೂ ಜೊತೆಯಲ್ಲಿರತಕ್ಕದ್ದು. ಸಿಬ್ಬಂದಿಯು ಇದನ್ನು ನೋಡತಕ್ಕದ್ದು, ಕಲಿಯತಕ್ಕದ್ದಲ್ಲ.

ಈ ಸುತ್ತೋಲೆಯನ್ನು ಓದಿ ಅರ್ಥವಾಗದವರು ಹಿಂಬರಹ ನೀಡುವುದು. ಅರ್ಥವಾದವರು ಲಿಖಿತ ವಿವರಣೆ ನೀಡುವುದು.

ಸಹಿ/-
(ಶಿವಕುಮಾರಪ್ಪ)
ಜಿಲ್ಲಾ ಅಧಿಕಾರಿ
ಜಲಮೂಲ ಎಣಿಕೆ ಇಲಾಖೆ, ಚಿತ್ರದುರ್ಗ

ಪ್ರತಿಗಳು:
೧. ಹೊಸದುರ್ಗ ಉಪ ಕಚೇರಿಯ ಖಾಲಿ ಇರುವ ಐದು ಹುದ್ದೆಗಳಿಗೆ, ಪ್ರತ್ಯೇಕವಾಗಿ, ಮಾಹಿತಿಗಾಗಿ.
೨. ನಿರ್ವಹಣಾ ಗುತ್ತಿಗೆದಾರರಿಗೆ, ಇನ್ನೂ ಮೂರು ವರ್ಷ ಗುತ್ತಿಗೆ ಮುಂದುವರಿಸಿರುವ ಆದೇಶದೊಂದಿಗೆ ಲಗತ್ತಿಸಿ.
೩. ಸ್ವೀಕೃತಿ ವಿಭಾಗಕ್ಕೆ, ಇನ್ನು ಮುಂದೆ ಹಳೆಯ ದಿನಾಂಕಗಳನ್ನು ಕಂಡು ಗಾಬರಿಯಾಗದಿರಲು.
೪. ಶ್ರೀ ದಿಲಾವರ್, ರೇಡಿಯೋ ರಿಪೇರಿ, ಬಸ್ ನಿಲ್ದಾಣದ ಹಿಂದೆ, ಹೊಸದುರ್ಗ. ಬೆಸುಗೆ ಕಡ್ಡಿಯ ಕೆಳಗೆ ಹಾಸದಿರುವ ಷರತ್ತಿನ ಮೇಲೆ.
೫. ಹೊಳಲ್ಕೆರೆ ಉಪ ಕಚೇರಿಗೆ, ಸೂಚನಾ ಫಲಕದಲ್ಲಿ ಹಾಕಲು. ಫಲಕವಿಲ್ಲದಿದ್ದಲ್ಲಿ ಫಲಕಕ್ಕೆ ಬೇಡಿಕೆ ಸಲ್ಲಿಸಿ ಕಾಯಲು.
೬. ಹಿರಿಯೂರು ಉಪ ಕಚೇರಿಗೆ: ಅಲ್ಲಿನ ಗಣಕಯಂತ್ರ ಜೂನ್ ೧೧ರಿಂದ ನಿಂತಿದ್ದು, ಹತ್ತೊಂಬತ್ತು ಹಳ್ಳಿಗಳ ಟ್ಯಾಂಕರ್ ಪಟ್ಟಿ ನಾಳೆ ಸಂಜೆಯೊಳಗೆ ಬೇಕಾಗಿರುವುದರಿಂದ, ಈ ಸುತ್ತೋಲೆ ತಲುಪಿದ ಕೂಡಲೇ ಇದನ್ನು ಸಂಪೂರ್ಣವಾಗಿ ಉಲ್ಲಂಘಿಸಿ ಅನುಪಾಲನಾ ವರದಿ ಸಲ್ಲಿಸುವುದು.